ಕೌಂಟರ್ ಶಾಫ್ಟ್ ಪುಲ್ಲಿಯ ಗ್ರಬ್ ಸ್ಕ್ರೂ ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ, ಕೀ ಜಾರುತ್ತಿದೆ

ಹೊಸಟರ್ನರ್:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಒಂದು ಗ್ರಬ್ ಸ್ಕ್ರೂ (ತಲೆ ಇಲ್ಲದ, ತೂತಿನೊಳಗೇ ಕೂರುವ ಸ್ಕ್ರೂ) ಜೊತೆ ಗುದ್ದಾಡುತ್ತಿದ್ದೇನೆ. ನನ್ನ ಹತ್ತಿರ ಇರುವುದು ಹಳೇ ಕಾಲದ ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ). ಇಂಗ್ಲೆಂಡಿನಲ್ಲಿ ತಯಾರಾದದ್ದು, ಡಯಲ್ ಎಲ್ಲಾ ಇಂಚಿನಲ್ಲೇ ಇವೆ. ಮೋಟಾರ್ ಮತ್ತು ಹೆಡ್‌ಸ್ಟಾಕ್ (ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಭಾಗ) ನಡುವೆ ಇರುವ ಕೌಂಟರ್ ಶಾಫ್ಟ್‌ನ ಬೇರಿಂಗ್ ಹೋಗಿದೆ, ಕರಕರ ಅಂತ ಸದ್ದು ಬರುತ್ತಿದೆ. ಬೇರಿಂಗ್ ಬದಲಿಸಬೇಕು ಅಂದರೆ ಶಾಫ್ಟ್ ಹೊರಗೆ ಬರಬೇಕು, ಶಾಫ್ಟ್ ಬರಬೇಕು ಅಂದರೆ ಪುಲ್ಲಿ ಬಿಚ್ಚಬೇಕು, ಆ ಪುಲ್ಲಿ ಈ ಗ್ರಬ್ ಸ್ಕ್ರೂ ಬಿಡದೆ ಅಲುಗುವುದಿಲ್ಲ.

ಪುಲ್ಲಿ ಕಾಸ್ಟ್ ಐರನ್, ಎರಡು ಮೆಟ್ಟಿಲಿನದು. ಹಬ್‌ನಲ್ಲಿ (ಪುಲ್ಲಿಯ ನಡುಭಾಗ) ಒಂದು ತೂತು, ಅದರ ಒಳಗೆ ಸ್ಕ್ರೂ. ಮೊದಲು 3 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಹಾಕಿದೆ, ಕೂತಿತು, ಒಂಚೂರು ಸಡಿಲ ಅನ್ನಿಸಿತು. ಜೋರಾಗಿ ತಿರುಗಿಸಿದಾಗ ಜಾರಿತು. ಈಗ ಆರು ಮೂಲೆಯಲ್ಲಿ ಮೂರು ಮೂಲೆ ಸವೆದ ಹಾಗೆ ಕಾಣುತ್ತಿದೆ. ಸ್ಪ್ರೇ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ, ಏನೂ ಪ್ರಯೋಜನ ಆಗಲಿಲ್ಲ. ಕಾಯಿಸಲೋ, ಡ್ರಿಲ್ ಮಾಡಲೋ, ಈಝಿ ಔಟ್ (ಸ್ಕ್ರೂ ಒಳಗೆ ಕಚ್ಚಿ ಅದನ್ನು ಹೊರಗೆ ತಿರುಗಿಸುವ ಉಪಕರಣ) ಹಾಕಲೋ ಗೊತ್ತಾಗುತ್ತಿಲ್ಲ. ಈ ಪುಲ್ಲಿ ಒಡೆದರೆ ಇಂಥದ್ದೇ ಇನ್ನೊಂದು ಸಿಗುವುದು ಕಷ್ಟ, ಅದಕ್ಕೇ ಭಯ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಫಿಟ್ಟರ್60:

ಮೊದಲು ಆ 3 ಮಿ.ಮೀ. ಕೀ ಕೆಳಗಿಡಿ. ಇಂಚಿನ ಲೇತ್ ಅಂತ ನೀವೇ ಬರೆದಿದ್ದೀರಿ, ಹಾಗಿದ್ದರೆ ಅದು ಬಹುತೇಕ 1/4 ಇಂಚಿನ ಸ್ಕ್ರೂ. ಅದಕ್ಕೆ 1/8 ಇಂಚಿನ ಕೀ ಬೇಕು, ಅಂದರೆ 3.175 ಮಿ.ಮೀ. ನಿಮ್ಮ 3 ಮಿ.ಮೀ. ಕೀ ಒಳಗೆ ಹೋಗುತ್ತದೆ, ಕೂತ ಹಾಗೆ ಕಾಣುತ್ತದೆ, ಬಲ ಹಾಕಿದ ತಕ್ಷಣ ಮೂಲೆ ತಿಂದುಹಾಕುತ್ತದೆ. ಈ "ಒಂಚೂರು ಸಡಿಲ" ಅನ್ನುವುದು ಇದೆಯಲ್ಲ, ಅಲೆನ್ ಸ್ಕ್ರೂ ವಿಷಯದಲ್ಲಿ ಅದು ಬಂದ ಕ್ಷಣವೇ ಕೈ ನಿಲ್ಲಿಸಬೇಕು. ಮಿಲಿಮೀಟರ್ ಲೆಕ್ಕದ ಎಂ6 ಗ್ರಬ್ ಸ್ಕ್ರೂಗೆ 3 ಮಿ.ಮೀ. ಕೀ ಸರಿ, ಎಂ8ಕ್ಕೆ 4. ಇಂಚಿನ 5/16 ಸ್ಕ್ರೂಗೆ ಮಾತ್ರ 5/32 ಇಂಚಿನ ಕೀ, ಅದು 3.97 ಮಿ.ಮೀ. ಆಗುತ್ತದೆ, ಅಲ್ಲಿ 4ರ ಕೀ ಒಳಗೆ ಹೋಗದೆ ಸತಾಯಿಸಬಹುದು. ಎರಡೂ ಸೆಟ್ ಇಟ್ಟುಕೊಳ್ಳದೆ ಹಳೇ ಮೆಷಿನ್‌ಗೆ ಕೈ ಹಾಕಬೇಡಿ.

ಎರಡನೆಯದು, ಆ ಆರು ಮೂಲೆಯ ಗುಂಡಿ ಒಳಗಡೆ ಏನಿದೆ ನೋಡಿದಿರಾ? ಹಳೇ ಗ್ರೀಸು, ಪೇಂಟು, ಸಣ್ಣ ಲೋಹದ ಚೂರು ಎಲ್ಲಾ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ. ಕೀ ಅರ್ಧ ಆಳಕ್ಕೆ ಮಾತ್ರ ಇಳಿಯುತ್ತದೆ, ನಾವು ಪೂರ್ತಿ ಇಳಿದಿದೆ ಅಂದುಕೊಳ್ಳುತ್ತೇವೆ. ಚೂಪಾದ ಸ್ಕ್ರೈಬರ್‌ನಿಂದ ಕೆರೆದು ತೆಗೆಯಿರಿ, ಕನ್ನಡಕ ಹಾಕಿಕೊಂಡು ಗಾಳಿ ಹೊಡೆಯಿರಿ. ತಳ ಹೊಳೆಯುವ ತನಕ ಬಿಡಬೇಡಿ.

ಆಮೇಲೆ ಕೀ ತುದಿ. ಉಪಯೋಗಿಸಿದ ಕೀ ತುದಿ ದುಂಡಗಾಗಿರುತ್ತದೆ. ಗ್ರೈಂಡರ್‌ನಲ್ಲಿ ಮೂರು ನಾಲ್ಕು ಮಿ.ಮೀ. ಕತ್ತರಿಸಿ ತುದಿ ನೇರ ಸಮತಟ್ಟಾಗಿ ಮಾಡಿ. ಆಗಾಗ ನೀರಿಗೆ ಅದ್ದುತ್ತಾ ಇರಿ, ಬಣ್ಣ ನೀಲಿಗೆ ತಿರುಗಿದರೆ ಹದ ಹೋಯಿತು ಅಂತ ಅರ್ಥ. ಹೊಸ ಮೂಲೆ ಇರುವ ಸರಿಯಾದ ಕೀ ಹಾಕಿದರೆ ಮೂರು ಮೂಲೆ ಸವೆದ ಸ್ಕ್ರೂ ಕೂಡ ಎಷ್ಟೋ ಸಲ ಹಿಡಿಯುತ್ತದೆ.

ಡ್ರಿಲ್ ಮಾತು ಆಮೇಲೆ. ಈಝಿ ಔಟ್ ಮಾತು ಬೇಡವೇ ಬೇಡ.

ಬೆಂಕಿಕೆಲಸ:

ಫಿಟ್ಟರ್ ಸಾರ್ ಹೇಳಿದ್ದು ಸರಿ. ಅದರ ಜೊತೆ ಒಂದು ಮಾತು ಸೇರಿಸುತ್ತೇನೆ: ತಿರುಗಿಸುವ ಮೊದಲು ಹೊಡೆಯಬೇಕು. ಸ್ಕ್ರೂ ತೂತಿನೊಳಗೆ ಇಳಿಯುವಂಥ ಒಂದು ಗಟ್ಟಿ ಪಂಚ್ ತೆಗೆದುಕೊಳ್ಳಿ, ತುದಿ ಚಪ್ಪಟೆ ಇರಲಿ. ಸ್ಕ್ರೂವಿನ ಮೇಲ್ತುದಿಗೆ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಹತ್ತು ಹದಿನೈದು ಏಟು. ಜೋರು ಬೇಡ, ಚುರುಕು ಬೇಕು. ತುಕ್ಕು ಬಿರುಕು ಬಿಡುವುದು ಈ ನಡುಕಕ್ಕೇ. ಆದರೆ ಪುಲ್ಲಿ ಕೆಳಗೆ, ಸ್ಕ್ರೂಗೆ ಸರಿಯಾಗಿ ಎದುರು ಬದಿಯಲ್ಲಿ, ಗಟ್ಟಿ ಮರದ ತುಂಡು ಆನಿಸಿಯೇ ಹೊಡೆಯಿರಿ. ಇಲ್ಲದಿದ್ದರೆ ಆ ಏಟೆಲ್ಲಾ ಬೇರಿಂಗ್ ಮನೆಗೆ ಹೋಗುತ್ತದೆ. ಬೇರಿಂಗ್ ಹೇಗೂ ಹೋಗಿದೆ, ಅದು ಬೇರೆ ಮಾತು, ಆದರೆ ಅದು ಕೂರುವ ಕಾಸ್ಟಿಂಗ್ ಒಡೆಯಬಾರದು ಅಲ್ವಾ.

ಕಾಯಿಸುವ ವಿಷಯ. ಸುಮಾರು ಜನ ಕಾಯಿಸಿದರೆ ಪುಲ್ಲಿ ಹಿಗ್ಗಿ ಸ್ಕ್ರೂ ಸಡಿಲ ಆಗುತ್ತದೆ ಅಂದುಕೊಂಡಿದ್ದಾರೆ. ಕಾಸ್ಟ್ ಐರನ್ನೂ ಸ್ಟೀಲೂ ಹಿಗ್ಗುವುದು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ, ಆದ್ದರಿಂದ ಎರಡನ್ನೂ ಒಟ್ಟಿಗೆ ಕಾಯಿಸಿದರೆ ಜಾಸ್ತಿ ಲಾಭ ಇಲ್ಲ. ಅಲ್ಯೂಮಿನಿಯಂ ಪುಲ್ಲಿ ಆಗಿದ್ದರೆ ಕಥೆ ಬೇರೆ, ಅದು ಸ್ಟೀಲಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಿಮ್ಮದರಲ್ಲಿ ಸ್ಕ್ರೂವನ್ನೇ ಕಾಯಿಸಬೇಕು. ಸ್ಕ್ರೂ ಹಿಗ್ಗಿ ಸುತ್ತಲಿನ ತುಕ್ಕನ್ನು ಹಿಂಡುತ್ತದೆ, ತಣ್ಣಗಾದಾಗ ಕುಗ್ಗಿ ಒಂದು ಕೂದಲೆಳೆ ಜಾಗ ಬಿಡುತ್ತದೆ. ದಪ್ಪ ಬೆಸುಗೆ ಕಬ್ಬಿಣ (ಸೋಲ್ಡರಿಂಗ್ ಐರನ್) ಸಾಕು, ಇಲ್ಲಾ ಸಣ್ಣ ಜ್ವಾಲೆ. ಬೆಚ್ಚಗಿರುವಾಗಲೇ ಒಂದು ಮೇಣದ ಬತ್ತಿ ಮುಟ್ಟಿಸಿ, ಮೇಣ ಕರಗಿ ಥ್ರೆಡ್ ಒಳಗೆ ತಾನೇ ಇಳಿಯುತ್ತದೆ.

ಹುಷಾರು: ನೀವು ಈಗಾಗಲೇ ಸ್ಪ್ರೇ ಹೊಡೆದಿದ್ದೀರಿ. ಅದನ್ನು ಪೂರ್ತಿ ಒರೆಸದೆ ಬೆಂಕಿ ಹತ್ತಿರ ತರಬೇಡಿ. ಬೆಲ್ಟ್ ಬಿಚ್ಚಿಡಿ. ಕಾಸ್ಟ್ ಐರನ್ ಕಾದಿರುವಾಗ ನೀರು ಹಾಕಲೇಬೇಡಿ, ಸೀಳಿಹೋಗುತ್ತದೆ.

ಬೋರಿಂಗ್‌ಬಾರ್:

ಒಂದು ಪ್ರಶ್ನೆ, ಥ್ರೆಡ್ ಬಾಯಿಯಲ್ಲಿ ಒಣಗಿದ ಪ್ಲಾಸ್ಟಿಕ್ ಪುಡಿ ಥರ ಏನಾದರೂ, ಕೆಂಪು ಅಥವಾ ಹಸಿರು ಬಣ್ಣದ್ದು, ಕಾಣುತ್ತಿದೆಯಾ? ಹಿಂದೆ ಯಾರಾದರೂ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಥ್ರೆಡ್‌ಗೆ ಹಚ್ಚುವ ಅಂಟು) ಹಾಕಿದ್ದರೆ ಎಣ್ಣೆ ಎಷ್ಟು ಹೊಡೆದರೂ ವ್ಯರ್ಥ. ಗಟ್ಟಿ ಜಾತಿಯ ಥ್ರೆಡ್ ಲಾಕರ್ ಮೆತ್ತಗಾಗಲು ಸುಮಾರು 250 ಡಿಗ್ರಿ ಬೇಕು, ಅದೂ ಬಿಸಿ ಇರುವಾಗಲೇ ತಿರುಗಿಸಬೇಕು, ತಣ್ಣಗಾದರೆ ಮತ್ತೆ ಹಿಡಿದುಕೊಳ್ಳುತ್ತದೆ. ತುಕ್ಕಿಗೆ ತಣ್ಣಗಾಗುವ ತನಕ ಕಾಯಬೇಕು, ಲಾಕ್‌ಟೈಟ್‌ಗೆ ಕಾಯಬಾರದು. ಯಾವುದು ಅಂತ ಗೊತ್ತಾಗದೆ ಕಾಯಿಸಿ ಕೂತರೆ ಶ್ರಮ ದಂಡ.

ಈಝಿ ಔಟ್ ಬಗ್ಗೆ ನನ್ನದೂ ಅದೇ ಅಭಿಪ್ರಾಯ. ಇಷ್ಟು ಸಣ್ಣ ಸೈಜಿನ ಈಝಿ ಔಟ್ ಕಡ್ಡಿಯಷ್ಟು ಸಪೂರ. ಒಳಗೆ ಮುರಿಯಿತು ಅಂದರೆ ಅದು ಸ್ಕ್ರೂಗಿಂತ ಗಟ್ಟಿ, ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ. ನಾನು ಕೆಲಸ ಕಲಿಯುವಾಗ ಒಂದು ಗೇರ್‌ನಲ್ಲಿ ಹೀಗೆ ಮುರಿದುಕೊಂಡೆ. ಅರ್ಧ ದಿನದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಒಂದು ವಾರ ಹಿಡಿಯಿತು, ಕೊನೆಗೆ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ವಿಧಾನ) ಮಾಡಿಸಿ ತೆಗೆಸಬೇಕಾಯಿತು.

ಫಿಟ್ಟರ್ ಸಾರ್ ಹೇಳಿದ ಕೀ ಹಿಡಿಯದಿದ್ದರೆ ಟಾರ್ಕ್ಸ್ (ನಕ್ಷತ್ರದ ಆಕಾರದ) ಬಿಟ್ ಪ್ರಯತ್ನ ಮಾಡಿ. ಟಿ15 ಬಿಟ್‌ನ ತುದಿಯಿಂದ ತುದಿಗೆ ಅಳತೆ ಸುಮಾರು 3.35 ಮಿ.ಮೀ., ನಿಮ್ಮ ಗುಂಡಿ 3.175. ಮೆಲ್ಲಗೆ ತಟ್ಟಿದರೆ ಅದರ ಹಲ್ಲುಗಳು ಸವೆದ ಗೋಡೆಯನ್ನು ಕಚ್ಚಿಕೊಳ್ಳುತ್ತವೆ. ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ಗ್ರಬ್ ಸ್ಕ್ರೂ ಗೋಡೆ ತೆಳ್ಳಗೆ, ಬಿಟ್ ಜಾಸ್ತಿ ಬಡಿದು ಇಳಿಸಿದರೆ ಸ್ಕ್ರೂ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಒಂದೆರಡು ಏಟು, ಅಷ್ಟೇ. ಬಿಟ್ ಅನ್ನು ಸಾಕೆಟ್‌ನಲ್ಲಿ ಹಾಕಿ ಟಿ ಹ್ಯಾಂಡಲ್‌ನಿಂದ ನೇರವಾಗಿ ತಿರುಗಿಸಿ. ಬಾಗಿದ ಕೀಯಲ್ಲಿ ಕೈ ಒಂದು ಬದಿಗೆ ಎಳೆಯುತ್ತದೆ, ಅದಕ್ಕೇ ಅದು ಜಾರುವುದು. ಮತ್ತೆ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಹಿಂದೆ ಮುಂದೆ, ಹಿಂದೆ ಮುಂದೆ. ಕಿರ್ ಅಂತ ಒಂದು ಸದ್ದು ಬಂದರೆ ಗೆದ್ದಿರಿ.

ಹೊಸಟರ್ನರ್:

ಎಲ್ಲರಿಗೂ ತುಂಬಾ ಧನ್ಯವಾದ. ಕೆಂಪು ಪುಡಿ ಏನೂ ಇಲ್ಲ, ಬರೀ ಕಂದು ತುಕ್ಕು. ಗುಂಡಿ ಕೆರೆದು ನೋಡಿದೆ. ಸಾರ್, ನೀವು ಹೇಳಿದ್ದು ನಿಜ, ಸುಮಾರು ಎರಡು ಮಿ.ಮೀ. ಕಸ ತಳದಲ್ಲಿ ಕೂತಿತ್ತು! ಕೀ ಮೇಲಿನ ಅರ್ಧ ಮಾತ್ರ ಹಿಡಿಯುತ್ತಿತ್ತು.

1/8 ಇಂಚಿನ ಕೀ ತಂದು ತುದಿ ಸಮತಟ್ಟು ಮಾಡಿ ಹಾಕಿದೆ. ಒಂದು ಸಲ ಹಿಡಿದ ಹಾಗಾಗಿ ಮತ್ತೆ ಜಾರಿತು. ಆಗ ಅಲ್ಲಿಗೇ ನಿಲ್ಲಿಸಿದೆ. ಮರದ ತುಂಡು ಆನಿಸಿ ಪಂಚ್‌ನಿಂದ ಹೊಡೆದೆ, ಎಣ್ಣೆ ಒರೆಸಿ ಬೆಸುಗೆ ಕಬ್ಬಿಣ ಹತ್ತು ನಿಮಿಷ ಇಟ್ಟೆ, ಮೇಣ ಮುಟ್ಟಿಸಿದೆ, ತಣ್ಣಗಾಗಲು ಬಿಟ್ಟೆ. ಇದನ್ನೇ ಮೂರು ಸಲ ಮಾಡಿದೆ. ಕೊನೆಗೆ ಟಿ15 ಬಿಟ್ ಎರಡೇ ಏಟಿನಲ್ಲಿ ಕೂರಿಸಿ ಮೊದಲು ಬಿಗಿ ಮಾಡಿದೆ, ಆಮೇಲೆ ಹಿಂದಕ್ಕೆ. ಆ ಕಿರ್ ಸದ್ದು ಬಂತು! ಸ್ಕ್ರೂ ಈಗ ನನ್ನ ಕೈಯಲ್ಲಿದೆ. ಎಷ್ಟು ಖುಷಿಯಾಯಿತು ಅಂತ ಬರೆದು ಹೇಳಲಾಗುವುದಿಲ್ಲ.

ಆದರೆ ಪುಲ್ಲಿ ಮಾತ್ರ ಅಲುಗುತ್ತಿಲ್ಲ. ಒಂದು ಚೂರೂ ಇಲ್ಲ. ಶಾಫ್ಟ್ ಸುತ್ತ ತಿರುಗುವುದೂ ಇಲ್ಲ, ಪಕ್ಕಕ್ಕೆ ಸರಿಯುವುದೂ ಇಲ್ಲ. ಮೂರು ಕಾಲಿನ ಪುಲ್ಲರ್ ಇದೆ, ಹಾಕಿ ಎಳೆಯಲಾ?

ಫಿಟ್ಟರ್60:

ಪುಲ್ಲರ್ ಮುಟ್ಟಬೇಡಿ! ಮೊದಲು ಟಾರ್ಚ್ ಹಾಕಿ ಅದೇ ತೂತಿನ ಒಳಗೆ ನೋಡಿ.

ಹೊರಗೆ ಬಂದ ಸ್ಕ್ರೂ ಎಷ್ಟು ಉದ್ದ ಇದೆ, ಹಬ್ ಗೋಡೆ ಎಷ್ಟು ದಪ್ಪ ಇದೆ, ಅಳೆಯಿರಿ. ಸ್ಕ್ರೂ ಗಿಡ್ಡ, ಗೋಡೆ ದಪ್ಪ ಅಂತಾದರೆ ಕೆಳಗೆ ಇನ್ನೊಂದು ಸ್ಕ್ರೂ ಇದೆ. ಒಂದೇ ತೂತಿನಲ್ಲಿ ಒಂದರ ಮೇಲೊಂದು ಎರಡು ಗ್ರಬ್ ಸ್ಕ್ರೂ ಹಾಕುವುದು ಹಳೇ ಪದ್ಧತಿ. ಕೆಳಗಿನದು ಶಾಫ್ಟ್ ಹಿಡಿಯುತ್ತದೆ, ಮೇಲಿನದು ಕೆಳಗಿನದನ್ನು ಸಡಿಲ ಆಗದ ಹಾಗೆ ಒತ್ತಿ ಹಿಡಿಯುತ್ತದೆ. ಬೋಲ್ಟ್‌ಗೆ ಎರಡು ನಟ್ ಹಾಕುತ್ತೇವಲ್ಲ, ಹಾಗೇ. ಇದು ಗೊತ್ತಿಲ್ಲದೆ ಪುಲ್ಲರ್ ಹಾಕಿ ಎಳೆದವರ ಪುಲ್ಲಿಗಳು ಅಂಚು ಒಡೆದು ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಸ್ಟ್ ಐರನ್ ಬಾಗುವುದಿಲ್ಲ, ಹೇಳದೆ ಕೇಳದೆ ಒಡೆಯುತ್ತದೆ. ಬೆಲ್ಟ್ ಕೂರುವ ಅಂಚಿಗೆ ಪುಲ್ಲರ್ ಕಾಲು ಸಿಕ್ಕಿಸಿದರೆ ಅಲ್ಲೇ ಮುಗಿಯಿತು.

ಹಬ್ ಸುತ್ತಲೂ ಬೆರಳಾಡಿಸಿ ನೋಡಿ, 90 ಡಿಗ್ರಿ ದೂರದಲ್ಲಿ ಪೇಂಟ್ ತುಂಬಿದ ಇನ್ನೊಂದು ತೂತು ಇದ್ದರೂ ಇರಬಹುದು. ಒಂದು ಸ್ಕ್ರೂ ಶಾಫ್ಟ್ ಕೀ (ಅಲೆನ್ ಕೀ ಅಲ್ಲ, ಪುಲ್ಲಿ ಜಾರದಂತೆ ಶಾಫ್ಟ್‌ನಲ್ಲಿ ಕೂರುವ ಲೋಹದ ತುಂಡು) ಮೇಲೆ, ಇನ್ನೊಂದು ಶಾಫ್ಟ್ ಮೇಲೆ ಕೂರಿಸುವುದೂ ಉಂಟು.

ಹೊಸಟರ್ನರ್:

ಸಾರ್, ಇದೆ! ಕೆಳಗೆ ಇನ್ನೊಂದು ಇದೆ. ಟಾರ್ಚ್ ಹಾಕಿದರೂ ಮೊದಲು ಕಾಣಲಿಲ್ಲ, ಎಣ್ಣೆ ಒರೆಸಿದ ಮೇಲೆ ಆರು ಮೂಲೆ ಕಾಣಿಸಿತು. ಅದರ ಮೂಲೆ ಹೊಸದರಂತೆ ಇವೆ. ಇದು ಗೊತ್ತಾಗದೆ ನಾನು ಪುಲ್ಲಿ ಒಡೆಯುತ್ತಿದ್ದೆ. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ. 1/8ರ ಕೀಗೆ ಸ್ವಲ್ಪ ಹೊತ್ತಿನಲ್ಲೇ ಬಿಟ್ಟಿತು.

ಈಗ ಪುಲ್ಲಿ ಒಂದು ಮಿ.ಮೀ. ಅಷ್ಟು ಆಡುತ್ತಿದೆ, ಅಲ್ಲಿಗೆ ನಿಂತುಬಿಡುತ್ತದೆ. ಬೇರೆ ತೂತು ಯಾವುದೂ ಇಲ್ಲ.

ಬೋರಿಂಗ್‌ಬಾರ್:

ಅದು ಬರ್ ಇರಬೇಕು. ಗ್ರಬ್ ಸ್ಕ್ರೂ ತುದಿ ಬಟ್ಟಲಿನ ಹಾಗೆ ಇರುತ್ತದೆ, ಅದರ ಅಂಚು ಶಾಫ್ಟ್ ಒಳಗೆ ಕಚ್ಚಿ ಸುತ್ತ ಒಂದು ಉಂಗುರದ ಹಾಗೆ ಲೋಹ ಎಬ್ಬಿಸಿರುತ್ತದೆ. ಪುಲ್ಲಿ ಒಳಗಿನ ತೂತಿಗೆ ಆ ಉಬ್ಬು ತಡೆ. ಸ್ಕ್ರೂ ಇದ್ದ ತೂತಿನ ಮೂಲಕವೇ ಅದನ್ನು ತೆಗೆಯಬಹುದು. ಥ್ರೆಡ್‌ಗೆ ತಾಗದಂತೆ 4.5 ಮಿ.ಮೀ. ಡ್ರಿಲ್ ಬಿಟ್ ತೆಗೆದುಕೊಂಡು, ತುದಿ ಚಪ್ಪಟೆಯಾಗಿ ತೇಯ್ದು, ಕೈಯಲ್ಲೇ ಟ್ಯಾಪ್ ಹ್ಯಾಂಡಲ್‌ಗೆ ಸಿಕ್ಕಿಸಿ ಮೆಲ್ಲಗೆ ತಿರುಗಿಸಿ. ಉಬ್ಬು ಸವೆದರೆ ಸಾಕು, ಶಾಫ್ಟ್ ಕೊರೆಯುವುದು ಬೇಡ.

ಆಮೇಲೆ ಪುಲ್ಲಿ ಯಾವ ಕಡೆ ಹೊರಗೆ ಹೋಗಬೇಕೋ ಆ ದಾರಿಯ ಶಾಫ್ಟ್ ಭಾಗವನ್ನೆಲ್ಲಾ ಎಮೆರಿ ಬಟ್ಟೆಯಿಂದ ಉಜ್ಜಿ ಹೊಳೆಯಿಸಿ, ಎಣ್ಣೆ ಹಚ್ಚಿ. ಪುಲ್ಲಿಯನ್ನು ಮೊದಲು ಒಳಗಡೆಗೆ ಸ್ವಲ್ಪ ತಳ್ಳಿ, ಮತ್ತೆ ಹೊರಗೆ. ಒಂದು ಮಿ.ಮೀ. ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬಡಿಯಲೇಬೇಕು ಅಂದರೆ ಹಬ್‌ಗೆ ಮಾತ್ರ, ಹಿತ್ತಾಳೆ ಕಡ್ಡಿ ಇಟ್ಟು, ಸುತ್ತಲೂ ಸಮನಾಗಿ.

ಡ್ರಿಲ್ ಮಾಡುವ ಪರಿಸ್ಥಿತಿ ನಿಮಗೆ ಬರಲಿಲ್ಲ, ಒಳ್ಳೆಯದಾಯಿತು. ಮುಂದೆ ಓದುವವರಿಗೆ ಬರೆದಿಡುತ್ತೇನೆ. ಗ್ರಬ್ ಸ್ಕ್ರೂ ಹದ ಕೊಟ್ಟ ಅಲಾಯ್ ಸ್ಟೀಲು, ಸಾಮಾನ್ಯವಾಗಿ 45ರಿಂದ 53 ರಾಕ್‌ವೆಲ್ ಸಿ ಗಡಸು. ಮಾಮೂಲಿ ಡ್ರಿಲ್ ಬಿಟ್ ಉಜ್ಜುತ್ತಾ ಕೂರುತ್ತದೆ, ತುದಿ ಸುಟ್ಟುಹೋಗುತ್ತದೆ. ಕೋಬಾಲ್ಟ್ ಬಿಟ್ ಬೇಕು, ವೇಗ ಕಡಿಮೆ, ಒತ್ತಡ ಜಾಸ್ತಿ. ಎಡಗಡೆಗೆ ತಿರುಗುವ ಡ್ರಿಲ್ ಸಿಕ್ಕರೆ ಅದೇ ಉತ್ತಮ, ಕೊರೆಯುವಾಗ ಕಚ್ಚಿಕೊಂಡು ಸ್ಕ್ರೂ ತಾನೇ ಬಿಚ್ಚಿ ಬರುವುದು ಎಷ್ಟೋ ಸಲ ಆಗುತ್ತದೆ. ಆರು ಮೂಲೆಯ ಗುಂಡಿಯೇ ಡ್ರಿಲ್‌ಗೆ ಸೆಂಟರ್. 1/4 ಇಂಚಿನ ಸ್ಕ್ರೂಗೆ 4.5 ಮಿ.ಮೀ. ದಾಟಬೇಡಿ, ಉಳಿದ ತೆಳು ಸುರುಳಿಯನ್ನು ಸ್ಕ್ರೈಬರ್‌ನಿಂದ ಕಿತ್ತು ತೆಗೆಯಬಹುದು. ಪುಲ್ಲಿಯ ಥ್ರೆಡ್ ಹಾಗೇ ಉಳಿಯುತ್ತದೆ.

ಹೊಸಟರ್ನರ್:

ಪುಲ್ಲಿ ಬಂತು! ಪೂರ್ತಿ, ಒಂದು ಗೀರೂ ಇಲ್ಲದೆ. ಉಬ್ಬು ತೆಗೆದ ಮೇಲೂ ಒಂದು ಗಂಟೆ ಹಿಂದೆ ಮುಂದೆ ಮಾಡಬೇಕಾಯಿತು, ಆದರೆ ಬಂತು. ಬೇರಿಂಗ್ ಎರಡೂ ಬದಲಿಸಿದೆ.

ಈಗ ವಾಪಸ್ ಜೋಡಿಸುವ ಮೊದಲು ಎರಡು ಪ್ರಶ್ನೆ. ಪುಲ್ಲಿ ಥ್ರೆಡ್ ಸ್ವಚ್ಛ ಮಾಡಲು ನನ್ನ ಹತ್ತಿರ 1/4 ಯುಎನ್‌ಸಿ (ಅಮೆರಿಕನ್ ಮಾದರಿಯ) ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಇದೆ, ಅದು ನಡೆಯುತ್ತದಾ? ಇನ್ನೊಂದು, ಮುಂದೆ ಇಷ್ಟು ಕಷ್ಟ ಬೇಡ ಅಂತ ಗ್ರಬ್ ಸ್ಕ್ರೂ ಬದಲು ತಲೆ ಇರುವ ಸಾಮಾನ್ಯ ಬೋಲ್ಟ್ ಹಾಕಿದರೆ ಹೇಗೆ? ಸ್ಪ್ಯಾನರ್‌ನಲ್ಲಿ ಸುಲಭವಾಗಿ ಬಿಚ್ಚಬಹುದು.

ಫಿಟ್ಟರ್60:

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ತಿರುಗುವ ಶಾಫ್ಟ್ ಮೇಲೆ ಹೊರಗೆ ಚಾಚಿದ ಬೋಲ್ಟ್ ತಲೆ ಅಂದರೆ ಕೊಕ್ಕೆ ಇದ್ದ ಹಾಗೆ. ಹಿಂದೆ ಫ್ಯಾಕ್ಟರಿಗಳಲ್ಲಿ ಚೌಕ ತಲೆಯ ಸೆಟ್ ಸ್ಕ್ರೂಗಳೇ ಇದ್ದವು, ಶಾಫ್ಟ್ ತಿರುಗುವಾಗ ಆ ತಲೆ ಕಣ್ಣಿಗೆ ಕಾಣುವುದಿಲ್ಲ, ಅಂಗಿ ತೋಳು ಸಿಕ್ಕಿ ಕೈ ಕಳೆದುಕೊಂಡವರು, ಜೀವ ಕಳೆದುಕೊಂಡವರು ತುಂಬಾ ಜನ. ತಲೆ ಇಲ್ಲದ ಸ್ಕ್ರೂ ಎಲ್ಲಾ ಕಡೆ ಬಂದದ್ದಕ್ಕೆ ಅದು ದೊಡ್ಡ ಕಾರಣ. 1910ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ವಿಲಿಯಂ ಅಲೆನ್ ಅನ್ನುವವರು ಆರು ಮೂಲೆಯ ಗುಂಡಿ ಇರುವ ಸ್ಕ್ರೂ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಾವು ಅಲೆನ್ ಕೀ ಅನ್ನುವುದು ಅವರ ಹೆಸರಿನಿಂದಲೇ. ಎರಡು ದಿನ ಕಷ್ಟ ಕೊಟ್ಟರೂ ಗ್ರಬ್ ಸ್ಕ್ರೂವೇ ಇರಲಿ.

ಟ್ಯಾಪ್ ವಿಷಯ. ಇಂಗ್ಲೆಂಡಿನ ಹಳೇ ಲೇತ್ ಆದ್ದರಿಂದ ಥ್ರೆಡ್ ಬಿಎಸ್‌ಡಬ್ಲ್ಯೂ, ಅಂದರೆ ವಿಟ್‌ವರ್ತ್ ಇರುವ ಸಾಧ್ಯತೆ ಜಾಸ್ತಿ. 1/4 ಸೈಜಿನಲ್ಲಿ ಎರಡೂ ಇಂಚಿಗೆ 20 ಥ್ರೆಡ್ಡೇ, ಆದ್ದರಿಂದ ಟ್ಯಾಪ್ ಒಳಗೆ ಹೋಗುತ್ತದೆ, ಸರಿ ಅನ್ನಿಸುತ್ತದೆ. ಆದರೆ ವಿಟ್‌ವರ್ತ್ ಕೋನ 55 ಡಿಗ್ರಿ, ಯುಎನ್‌ಸಿಯದು 60. ಇರುವ ಥ್ರೆಡ್ ಕೆತ್ತಿಹೋಗುತ್ತದೆ. ಪಿಚ್ ಗೇಜ್ (ಥ್ರೆಡ್ ಹೊಂದಿಸಿ ನೋಡುವ ಹಲ್ಲಿನ ಪಟ್ಟಿ) ಇಟ್ಟು ಹೊರಬಂದ ಸ್ಕ್ರೂ ಪರೀಕ್ಷಿಸಿ. ವಿಟ್‌ವರ್ತ್ ಆಗಿದ್ದರೆ ಅದೇ ಟ್ಯಾಪ್ ಹುಡುಕಿ, ಸಿಗುವ ತನಕ ಹಿತ್ತಾಳೆ ಬ್ರಷ್‌ನಿಂದ ಉಜ್ಜಿದರೂ ಸಾಕು. ಸ್ಕ್ರೂ ಹೊಸದೇ ಹಾಕಿ, ಅದೇ ಥ್ರೆಡ್ಡಿನದು. ಟಾರ್ಕ್ಸ್ ಬಡಿದದ್ದನ್ನು ಮತ್ತೆ ಹಾಕಬೇಡಿ.

ಜೋಡಿಸುವಾಗ ಶಾಫ್ಟ್ ಮೇಲೆ ಸ್ಕ್ರೂ ಕೂರುವ ಜಾಗವನ್ನು ಅರದಿಂದ ಸ್ವಲ್ಪ ಚಪ್ಪಟೆ ಮಾಡಿ. ಮತ್ತೆ ಉಬ್ಬು ಎದ್ದರೂ ಅದು ಚಪ್ಪಟೆ ಜಾಗದಲ್ಲೇ ಉಳಿಯುತ್ತದೆ, ಪುಲ್ಲಿಗೆ ತಡೆಯಾಗುವುದಿಲ್ಲ. ಥ್ರೆಡ್‌ಗೆ ತಾಮ್ರದ ಆಂಟಿ ಸೀಜ್ ಪೇಸ್ಟ್ (ಸ್ಕ್ರೂ ಹಿಡಿದುಕೊಳ್ಳದಂತೆ ತಡೆಯುವಂಥದ್ದು) ಒಂದು ಚೂರು ಹಚ್ಚಿ. ಲಾಕ್‌ಟೈಟ್ ಬೇಡ, ಎರಡನೇ ಸ್ಕ್ರೂ ಇರುವುದೇ ಆ ಕೆಲಸಕ್ಕೆ.

ಬೆಂಕಿಕೆಲಸ:

ಒಂದು ಕಡೆ ನನ್ನದು ಬೇರೆ ಅಭಿಪ್ರಾಯ. ಆಂಟಿ ಸೀಜ್ ಬದಲು ಮಧ್ಯಮ ಜಾತಿಯ ನೀಲಿ ಲಾಕ್‌ಟೈಟ್ ಹಾಕಿದರೂ ಕೈ ಉಪಕರಣದಲ್ಲೇ ಬಿಚ್ಚಬಹುದು, ಥ್ರೆಡ್ ಒಳಗೆ ತೇವ ಇಳಿಯದೆ ತುಕ್ಕೂ ಹಿಡಿಯುವುದಿಲ್ಲ. ನಾನು ಹಾಗೇ ಮಾಡುವುದು. ಗಟ್ಟಿ ಜಾತಿಯ ಕೆಂಪು ಮಾತ್ರ ಬೇಡ. ಯಾವುದೇ ಹಾಕಿ, ಒಂದೆರಡು ಗಂಟೆ ಓಡಿಸಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಒಂದು ಸಲ ಮತ್ತೆ ಬಿಗಿ ನೋಡಿ.

ಹೊಸಟರ್ನರ್:

ಪಿಚ್ ಗೇಜ್ ಇಟ್ಟು ನೋಡಿದೆ, 55 ಡಿಗ್ರಿಯೇ. ವಿಟ್‌ವರ್ತ್. ಯುಎನ್‌ಸಿ ಟ್ಯಾಪ್ ಡಬ್ಬಿಗೆ ವಾಪಸ್ ಹೋಯಿತು, ಬ್ರಷ್‌ನಿಂದಲೇ ಥ್ರೆಡ್ ಸ್ವಚ್ಛ ಆಯಿತು. ಎರಡು ಹೊಸ ವಿಟ್‌ವರ್ತ್ ಗ್ರಬ್ ಸ್ಕ್ರೂ ತಂದೆ. ಶಾಫ್ಟ್ ಮೇಲೆ ಚಪ್ಪಟೆ ಮಾಡಿ, ಆಂಟಿ ಸೀಜ್ ಹಚ್ಚಿ, ಎರಡನ್ನೂ ಒಂದರ ಮೇಲೊಂದು ಕೂರಿಸಿದೆ. ಬೋಲ್ಟ್ ಯೋಚನೆ ಬಿಟ್ಟುಬಿಟ್ಟೆ, ಸಾರ್ ಬರೆದದ್ದು ಓದಿದ ಮೇಲೆ ಬೆಲ್ಟ್ ಕವರ್ ಹಾಕದೆ ಮೆಷಿನ್ ಓಡಿಸುವ ಅಭ್ಯಾಸವನ್ನೂ ಬಿಟ್ಟಿದ್ದೇನೆ.

ನಿನ್ನೆ ಎರಡು ಗಂಟೆ ಓಡಿಸಿದೆ, ಕರಕರ ಪೂರ್ತಿ ಹೋಗಿದೆ. ಸ್ವಿಚ್ ಆಫ್ ಮಾಡಿ ಬಿಗಿ ನೋಡಿದಾಗ ಮೇಲಿನ ಸ್ಕ್ರೂ ಕಾಲು ಸುತ್ತು ತೆಗೆದುಕೊಂಡಿತು. ಕವರ್ ಒಳಬದಿಯಲ್ಲಿ ಬಿಳಿ ಪೇಂಟ್‌ನಿಂದ ಬರೆದಿಟ್ಟಿದ್ದೇನೆ: "ತೂತು ಒಂದು, ಸ್ಕ್ರೂ ಎರಡು, ಕೀ 1/8 ಇಂಚು."